ಮುನ್ನೂರು ಲೇಬಲ್ಲಿನ ಒಂದೇ ಮಾತು

"ಇದನ್ನ ಯಾರ್ರೀ ಬರೆದಿದ್ದು?"

ಗಿಡಗಳ ನರ್ಸರಿಯವನು ನನ್ನ ಮೇಜಿನ ಮೇಲೆ ಫೋನಿಟ್ಟ. ಪರದೆ ನೋಡಿದವಳೇ ಹೌಹಾರಿದೆ. ಗುಲಾಬಿ ಗಿಡದ ಆರೈಕೆಯ ವಿವರ ಇರಬೇಕಾದ ಜಾಗದಲ್ಲಿ ನನ್ನದೇ ಮಾತು: 'ಈ ನರ್ಸರಿಯವನು ನಕ್ಕರೆ ನನಗೆ ಕೆಲಸವೇ ಓಡುವುದಿಲ್ಲ.'

ಅಯ್ಯೋ ದೇವರೇ! ಭೂಮಿ ಬಾಯಿಬಿಡಬಾರದೇ?

ಎರಡು ವಾರದಿಂದ ಈ ಮನುಷ್ಯ ನಮ್ಮ ಪ್ರಿಂಟಿಂಗ್ ಪ್ರೆಸ್ಸಿಗೆ ಅಲೆಯುತ್ತಿದ್ದ. ಗಿಡದ ಕುಂಡಕ್ಕೆ ಅಂಟಿಸುವ ಲೇಬಲ್ಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಆಗುತ್ತಿಲ್ಲ ಎಂದು ದೂರು. ಸುತ್ತ ಬಿಳಿ ಅಂಚು ಬಿಡೋಣ ಎಂದರೆ ಬಳ್ಳಿಯ ಚಿತ್ರ ಬೇಕೆನ್ನುತ್ತಿದ್ದ. ಕಪ್ಪು ಬಣ್ಣ ಎಂದರೆ ತಿಳಿ ಹಸಿರು ಎನ್ನುತ್ತಿದ್ದ. ನಾನು ರೇಗುತ್ತಿದ್ದೆ. ಅವನು ನಗುತ್ತಿದ್ದ, ನನ್ನ ಸಿಟ್ಟು ಅಲ್ಲಿಗೇ ಠುಸ್.

ಪ್ರೂಫ್, ಅಂದರೆ ಮಾದರಿ ಅಚ್ಚು, ತೆಗೆಯುವಾಗ ಕೋಡಿನೊಳಗೆ ಏನಾದರೊಂದು ಸಾಲು ಹಾಕಿ ಪರೀಕ್ಷಿಸುವುದು ನಮ್ಮ ರೂಢಿ. ಅವನ ಬಳ್ಳಿಗಳ ನಡುವೆ ಹೇಗೂ ಯಾವ ಫೋನೂ ಓದುವುದಿಲ್ಲವೆಂಬ ಧೈರ್ಯದಿಂದ ಮನಸ್ಸಿನಲ್ಲಿದ್ದದ್ದನ್ನೇ ಟೈಪ್ ಮಾಡಿದ್ದೆ. ಆಮೇಲೆ ಹಟಕ್ಕೆ ಬಿದ್ದು ಬಳ್ಳಿ ಕಿತ್ತೆ, ಅಂಚು ಬಿಟ್ಟೆ, ಕಪ್ಪು ಮಾಡಿದೆ, ಹೊಳೆಯದ ಕಾಗದ ಹಾಕಿದೆ. ಫೋನು ಟಿಣ್ ಎಂದದ್ದೇ ಸಾಕೆಂದು ಓದಲೂ ಇಲ್ಲ, ಸಾಲು ಬದಲಿಸಲೂ ಮರೆತೆ. ಆ ಸಾಲು ಮುನ್ನೂರು ಲೇಬಲ್ಲಿನಲ್ಲಿ ಅಚ್ಚಾಗಿ ಹೋಯಿತು.

"ಮೊದ್ಲು ಯಾರು ನೋಡಿದ್ರು?" ಎಂದೆ.

"ನಮ್ಮಮ್ಮ."

"ಅಮ್ಮಾನಾ!"

"ಕನ್ನಡಕ ಇಲ್ದೆ ನನ್ನ ಮುಖಾನೂ ಗುರುತು ಹಿಡಿಯಲ್ಲ ಅವ್ರು. ಅವ್ರ ಕೈಯಲ್ಲೂ ಫೋನ್ ಹಿಡಿದ ತಕ್ಷಣ ಓದ್ತು. ಅಷ್ಟು ಚೆನ್ನಾಗಿ ಮಾಡಿದೀರ."

"ತಮಾಷೆ ಸಾಕು. ಎಲ್ಲಾ ವಾಪಸ್ ಕೊಡಿ, ಬೇರೆ ಹಾಕ್ಸಿಕೊಡ್ತೀನಿ. ನಮ್ ಓನರ್‌ಗೆ ಮಾತ್ರ ಹೇಳ್ಬೇಡಿ, ಕೆಲಸ ಹೋಗುತ್ತೆ." ನಾಚಿಕೆಗೋ ಭಯಕ್ಕೋ ಕಣ್ಣು ತುಂಬಿಬಂತು.

ಅವನು ಒಂದು ಚೀಲವನ್ನು ಮುಂದೆ ತಳ್ಳಿದ. "ಇನ್ನೂರ ತೊಂಬತ್ತೊಂಬತ್ತು ಇದೆ."

"ಇನ್ನೊಂದು?"

ಅವನು ಫೋನ್ ಮಗುಚಿದ. ಬೆನ್ನಿಗೆ ನನ್ನ ಲೇಬಲ್ಲು, ಬಿಳಿ ಅಂಚು ಒಂದಿಷ್ಟೂ ಹರಿಯದಂತೆ ಅಂಟಿಸಿದ್ದ.

"ಇದನ್ನ ಕೊಡಲ್ಲ. ಮಿಕ್ಕಿದ್ದು ಬದಲಾಯಿಸಿ. ಎಲ್ಲಾನೂ ಒಂದೊಂದಾಗಿ ಸ್ಕ್ಯಾನ್ ಮಾಡಿ ನೋಡಿದೀನಿ."

"ಮುನ್ನೂರೂ? ತಲೆ ನೆಟ್ಟಗಿದೆಯೇನ್ರೀ? ಎಲ್ಲಾ ಒಂದೇ ಅಚ್ಚು ಅಲ್ವಾ!"

ಈಗ ಅವನ ಮುಖವೂ ಕೆಂಪೇರಿತು. "ಒಂದ್ರಲ್ಲಾದ್ರೂ ಮಾತು ಬದಲಾಗಿದ್ರೆ ಅಂತ ಹೆದರಿಕೆ ಆಯ್ತು."

ನಾನು ಚೀಲವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಬದಲಾಗಲ್ಲ," ಎಂದೆ.

ಅವನು ನಕ್ಕ. ಆ ದಿನ ನಾನು ಇನ್ನೊಂದು ಕೆಲಸ ಮುಟ್ಟಲಿಲ್ಲ.