ಐದು ಹುಡುಗರ ಒಂದೇ ಅಕ್ಷರ

"ಕಾಕಾ, ಮುತ್ತಪ್ಪನ ಅಜ್ಜ ಮುಂಜಾನಿ ಎದ್ದು ಸಂಸ್ಕೃತ ಶ್ಲೋಕ ಹೇಳ್ತಾನೇನು?"

ವಿಮಲಾ ಟಾಕನ್ನು ದೌತಿಯ ಅಂಚಿಗೆ ತಾಗಿಸಿ, ಹೆಚ್ಚಾದ ಮಸಿಯನ್ನು ಇಳಿಸುತ್ತ ಕೇಳಿದಳು. ಅವಳ ಮುಂದೆ ಅರ್ಧ ಬರೆದ ಇಂಗ್ಲಿಷ್ ಹಾಳೆ ಇತ್ತು. ಅದು ಮುತ್ತಪ್ಪನ ಅರ್ಜಿ.

ಪಂಢರೀನಾಥ ಕಾಕಾ ಪೇಪರಿನಿಂದ ತಲೆ ಎತ್ತಲಿಲ್ಲ. "ಹೇಳ್ತಾನ. ನೀ ಸುಮ್ಮನ ಬರಿ."

"ನಮ್ಮಜ್ಜ ಡೊಳ್ಳು ಬಾರಸ್ತಾನ್ರಿ ಸರ್," ಎಂದ ಮುತ್ತಪ್ಪ, ಕಟ್ಟೆಯ ಕೆಳಗಿನ ಮೆಟ್ಟಿಲಿನಿಂದ. "ಬೀರಪ್ಪನ ಗುಡಿಯಾಗ. ಶ್ಲೋಕ ಬರಾಂಗಿಲ್ರಿ ಅವಗ."

"ವಿಲಾಯತಿಯವರಿಗೆ ಡೊಳ್ಳು ತಿಳಿಯೂದಿಲ್ಲಪಾ. ಶ್ಲೋಕ ಅಂದ್ರ ತಿಳೀತದ."

ಡೊಳ್ಳು ತಿಳಿಯದವರಿಗೆ ಶ್ಲೋಕ ಹೇಗೆ ತಿಳಿಯುತ್ತದೆಂದು ಯಾರೂ ಕೇಳಲಿಲ್ಲ. ಕಾಕಾನ ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ.

ಬಾದಾಮಿಯ ಜನ ಅದಕ್ಕೆ ವಿಲಾಯತಿ ಕ್ಲಾಸು ಎಂದು ಹೆಸರಿಟ್ಟಿದ್ದರು. ಇಂಗ್ಲೆಂಡಿನ ಒಂದು ಕಾಲೇಜು ನಮ್ಮ ದೇಶದ ಒಬ್ಬ ಹುಡುಗನಿಗೆ ಫೀ, ಊಟ, ವಸತಿ ಎಲ್ಲ ಪುಕ್ಕಟೆ ಕೊಡುತ್ತದೆಂದು ಪೇಪರಿನಲ್ಲಿ ಬಂದಿತ್ತು. ಅದನ್ನು ಓದಿದ ದಿನವೇ ಕಾಕಾ ಮ್ಯಾಟ್ರಿಕ್ ಕಟ್ಟಿದ ಐದು ಹುಡುಗರನ್ನು ಹಿಡಿದು ತಂದು ಮನೆಯ ಕಟ್ಟೆಯ ಮೇಲೆ ಕೂಡಿಸಿದ. ಐವರಲ್ಲಿ ಒಬ್ಬ ವಿಮಲಾಳ ಅಣ್ಣ ಶ್ರೀನಿವಾಸ. ಅವನನ್ನು ಹಿಡಿದು ತರುವ ಕೆಲಸ ಬೀಳಲಿಲ್ಲ, ಅವನು ಅಲ್ಲೇ ಮಲಗಿದ್ದ.

ಕಾಕಾ ಸ್ವತಃ ಇಂಗ್ಲೆಂಡ್ ನೋಡಿರಲಿಲ್ಲ. ಮುಂಬಯಿಯಲ್ಲಿ ಹಡಗಿನ ಟಿಕೀಟು ಮಾರುವ ಆಫೀಸಿನಲ್ಲಿ ಕಾರಕೂನನಾಗಿದ್ದ. ಹೋದವನಿಗೆ ಅಲ್ಲಿನ ಒಂದು ಊರಷ್ಟೇ ಗೊತ್ತಾಗುತ್ತದೆ, ಎಲ್ಲರನ್ನೂ ಕಳಿಸಿದವನಿಗೆ ಇಡೀ ದೇಶ ಗೊತ್ತಿರುತ್ತದೆ ಎಂಬುದು ಅವನ ನಂಬಿಕೆ.

ಹೀಗಾಗಿ ಬೇಸಿಗೆಯ ಬಿಸಿಲಿಗೆ ಊರ ಕೆಂಪು ಗುಡ್ಡ ಕಾದು ಕೂತಾಗ, ಐದು ಹುಡುಗರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಚಳಿಯ ಅಭ್ಯಾಸ ಮಾಡಿದರು. ಜೋಳದ ರೊಟ್ಟಿಯನ್ನು ಚಾಕು, ಫೋರ್ಕಿನಿಂದ ತಿನ್ನುವುದನ್ನೂ ಕಲಿತರು. ಫೋರ್ಕು ಚುಚ್ಚಿದ ಕೂಡಲೆ ಕಡಕ್ ರೊಟ್ಟಿ ಚೂರಾಗಿ ನಾಲ್ಕೂ ದಿಕ್ಕಿಗೆ ಹಾರುತ್ತಿತ್ತು. ಒಮ್ಮೆ ಒಂದು ಚೂರು ಮಡಿಯಲ್ಲಿದ್ದ ಸರಸ್ವತೀಬಾಯಿ ಅಜ್ಜಿಯ ಮೇಲೆ ಬಿದ್ದು, ಅವರು ಮತ್ತೆ ಸ್ನಾನ ಮಾಡಬೇಕಾಯಿತು. ಇಂಗ್ಲೆಂಡಿಗೆ ಇನ್ನೂ ಯಾರೂ ಹೋಗಿರಲಿಲ್ಲ, ಅಜ್ಜಿಯ ಮಡಿ ಮಾತ್ರ ಆಗಲೇ ಹೋಗಿತ್ತು.

ಮುತ್ತಪ್ಪ ಕುರಿ ಸಾಕುವವರ ಮನೆಯ ಹುಡುಗ. ಅವನು ಮೆಟ್ಟಿಲ ಮೇಲೆಯೇ ಕೂಡಬೇಕು, ತನ್ನ ರೊಟ್ಟಿಯನ್ನು ತಾನೇ ತರಬೇಕು. ಇಂಗ್ಲೆಂಡಿನಲ್ಲಿ ಎಲ್ಲರೂ ಒಂದೇ ಮೇಜಿಗೆ ಕೂತು ಉಣ್ಣುತ್ತಾರೆ ಎಂದು ಕಾಕಾ ಆ ಮೆಟ್ಟಿಲ ಕಡೆಗೆ ನೋಡುತ್ತಲೇ ಹೇಳುತ್ತಿದ್ದ.

ವಿಮಲಾ ಹೆಣ್ಣುಮಕ್ಕಳ ಸಾಲೆಯಲ್ಲಿ ಆರನೆಯ ಇಯತ್ತೆ. ಅಲ್ಲಿ ಇಂಗ್ಲಿಷ್ ಇರಲಿಲ್ಲ. ಅವಳಿಗೆ ಕಟ್ಟೆಯ ಮೇಲೆ ಜಾಗ ಸಿಕ್ಕಿದ್ದು ಅವಳ ಅಕ್ಷರದಿಂದ.

"ಗಂಡು ಹುಡುಗರ ನಡುವ ಈಕಿದೇನ ಕೆಲಸ?" ಎಂದು ಅಜ್ಜಿ ಮೊದಲ ದಿನವೇ ತಕರಾರು ತೆಗೆದಿದ್ದರು.

"ಇವರ ಅಕ್ಷರ ನೋಡಿದ್ರ ವಿಲಾಯತಿಯವರು ದವಾಖಾನಿಗೆ ಹೋಗ್ತಾರ," ಎಂದಿದ್ದ ಕಾಕಾ. "ವಿಮಲೂನ ಅಕ್ಷರ ಅಚ್ಚು ಹಾಕಿಧಂಗ ಅವ. ಬರಿಯೂತನಕಾ ಇಲ್ಲಿ ಕೂಡಲಿ. ಬರಿಯೂದು ನಿಂತ್ರ ಒಳಗ ಹೋಗಲಿ."

ಆದ್ದರಿಂದ ವಿಮಲಾ ಬರೆಯುವುದನ್ನು ನಿಲ್ಲಿಸಲೇ ಇಲ್ಲ. ಒಳಗೆ ಹೋದರೆ ಅಕ್ಕಿಯಲ್ಲಿ ಕಲ್ಲು ಆರಿಸಬೇಕು. ಹೊರಗಿದ್ದರೆ ಇಂಗ್ಲಿಷ್ ಕಿವಿಗೆ ಬೀಳುತ್ತದೆ.

ಮೊದಮೊದಲು ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. ರಂಗೋಲಿ ನೋಡಿ ರಂಗೋಲಿ ಬಿಡಿಸಿದ ಹಾಗೆ ಬರೆದಳು. ಆದರೆ ಕಾಕಾ ಬರೆದುಕೊಟ್ಟ ಪ್ರಬಂಧ ಒಂದೇ, ಅರ್ಜಿ ಐದು. ಅದನ್ನೇ ಬರೆದೂ ಬರೆದೂ, ಹುಡುಗರು ಬಾಯಿಪಾಠ ಮಾಡುವುದನ್ನು ಕೇಳಿ ಕೇಳಿ, ಸಾಲುಗಳು ಒಂದೊಂದಾಗಿ ಕಣ್ಣು ಬಿಟ್ಟವು. ನಾನು ತಂದೆತಾಯಿಗೆ ಒಬ್ಬನೇ ಮಗ. ನನ್ನ ಅಜ್ಜ ಬೆಳಿಗ್ಗೆ ಎದ್ದು ಸಂಸ್ಕೃತ ಶ್ಲೋಕ ಹೇಳುತ್ತಾರೆ.

"ಮುತ್ತಪ್ಪಗ ಮೂರು ಮಂದಿ ತಮ್ಮಂದಿರಿದ್ದಾರ ಕಾಕಾ," ಎಂದಳು ವಿಮಲಾ.

"ಒಬ್ಬನ ಮಗಾ ಅಂದ್ರ ಅವರಿಗೆ ಕನಿಕರ ಬರ್ತದ."

ಹುಟ್ಟಿದ ತಾರೀಕಿನ ಜಾಗದಲ್ಲಿ ಐವರಿಗೂ ಜೂನ್ ಒಂದು ಎಂದು ಬರೆದಳು. ಅದನ್ನು ಮಾತ್ರ ಕಾಕಾ ಹುಟ್ಟಿಸಿರಲಿಲ್ಲ, ಸಾಲೆಯ ದಾಖಲೆಯಲ್ಲೇ ಹಾಗಿತ್ತು. ಸಾಲೆಗೆ ಹೆಸರು ಹಚ್ಚುವ ದಿನ ಕೆಲವು ಅಪ್ಪಂದಿರು ತಿಥಿ ಹೇಳುತ್ತಿದ್ದರು, ಕೆಲವರು ಸುಗ್ಗಿ ಹೇಳುತ್ತಿದ್ದರು. ಮಾಸ್ತರರು ಎಲ್ಲರಿಗೂ ಹೂಂ ಎಂದು ತಲೆಯಾಡಿಸಿ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಊರಿನ ತಾಯಂದಿರೆಲ್ಲ ಒಂದೇ ದಿನ ಹಡೆಯುತ್ತಾರೆಂದು ಸರಕಾರವೂ ತಕರಾರಿಲ್ಲದೆ ನಂಬಿತ್ತು.

ಐದು ಅರ್ಜಿಗಳೂ ಒಂದೇ ಲಕೋಟೆಯಲ್ಲಿ ವಿಮಾನ ಹತ್ತಿದವು.

ಉತ್ತರ ಬಂದದ್ದು ಮೊದಲ ಮಳೆ ಬಿದ್ದ ವಾರ. ಟಪಾಲಿನ ಮೀರಾಸಾಬ ತಿಳಿನೀಲಿ ಲಕೋಟೆಯನ್ನು ತಾನೇ ಹುಟ್ಟಿಸಿದ ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದ. ಸುದ್ದಿ ಏನೆಂದು ಕೇಳಿಕೊಂಡೇ ಹೋಗುತ್ತೇನೆಂದು ಕಟ್ಟೆಯ ಕಂಬಕ್ಕೆ ಆತು ನಿಂತ.

ಕಾಕಾ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದ. ಎರಡನೆಯ ಸಾಲಿಗೆ ದನಿ ಇಳಿಯಿತು. ಮೂರನೆಯ ಸಾಲಿಗೆ ನಿಂತೇ ಹೋಯಿತು. ಶ್ರೀನಿವಾಸ ಕಾಗದವನ್ನು ಇಸಿದುಕೊಂಡು ಕನ್ನಡದಲ್ಲಿ ಹೇಳಿದ.

ಐದೂ ಅರ್ಜಿಗಳು ತಲುಪಿದವು. ಐವರೂ ಒಂದೇ ದಿನ ಹುಟ್ಟಿದ್ದಾರೆ. ಐವರೂ ತಂದೆತಾಯಿಗೆ ಒಬ್ಬನೇ ಮಗ. ಐವರ ಅಜ್ಜಂದಿರೂ ಬೆಳಿಗ್ಗೆ ಎದ್ದು ಒಂದೇ ಕೆಲಸ ಮಾಡುತ್ತಾರೆ. ಐವರ ಅಕ್ಷರವೂ ಒಂದೇ, ಅದು ಬಹಳ ಸುಂದರವಾಗಿದೆ. ಅರ್ಜಿದಾರ ಒಬ್ಬನೇ ಆಗಿದ್ದರೆ, ಒಂದು ಅರ್ಜಿ ಸಾಕೆಂದು ದಯವಿಟ್ಟು ಅವನಿಗೆ ತಿಳಿಸಿ. ಐವರಾಗಿದ್ದರೆ, ಪ್ರತಿಯೊಬ್ಬನೂ ತನ್ನ ವಿಷಯವನ್ನು ತಾನೇ, ತನ್ನ ಕೈಯಿಂದಲೇ ಒಂದು ಪುಟ ಬರೆದು ಕಳಿಸಲಿ.

"ಭಾಳ ಮರ್ಯಾದಿಲೆ ಬೈದಾರ್ರಿ," ಎಂದು ಮೀರಾಸಾಬ ಸೈಕಲ್ ಹತ್ತಿ ಹೋದ.

ಕಾಕಾ ಸುತ್ತಲೂ ನೋಡಿದ. ತಪ್ಪು ಯಾರದೆಂದು ಹುಡುಕಲು ಅವನಿಗೆ ಬಹಳ ಹೊತ್ತು ಹಿಡಿಯಲಿಲ್ಲ.

"ವಿಮಲೂ, ಎಲ್ಲಾ ನಿನ್ನಿಂದ ಆತು. ಐದೂ ಒಂದ ನಮೂನಿ ಬರದೀದಿ."

"ಚಂದಂಗ ಬರಿ ಅಂತ ನೀನ ಅಂದಿ."

"ಚಂದಂಗ ಬರಿ ಅಂದೆ. ಒಂದ ನಮೂನಿ ಚಂದ ಬರಿ ಅಂದೆನೇನು?"

ವಿಮಲಾಳ ಕಿವಿ ಕೆಂಪಾದವು. ಆದರೆ ಕಾಕಾ ಅವಳನ್ನು ಒಳಗೆ ಕಳಿಸಲಿಲ್ಲ. ಈಗ ಅವಳ ಕೆಲಸ ಮೊದಲಿಗಿಂತ ಹೆಚ್ಚಾಗಿತ್ತು. ಕಾಕಾ ಐದು ಬೇರೆ ಬೇರೆ ಪುಟ ಹೇಳಿ ಬರೆಸುತ್ತಾನೆ, ವಿಮಲಾ ಅವನ್ನು ಐದು ಬೇರೆ ಬೇರೆ ಅಕ್ಷರದಲ್ಲಿ ಬರೆಯಬೇಕು.

"ತನ್ನ ಕೈಯಿಂದ ಅಂತ ಬರದಾರಲ್ಲ ಕಾಕಾ," ಎಂದ ಶ್ರೀನಿವಾಸ.

"ಕೈ ಯಾರದು ಅಂತ ಅಲ್ಲಿಂದ ಕಾಣಸ್ತದೇನೋ?"

ವಿಮಲಾ ಎರಡು ದಿನ ಅಭ್ಯಾಸ ಮಾಡಿದಳು. ಗಾಳಿಗೆ ಬಾಗಿದ ಜೋಳದ ಹಾಗೆ ಬಲಕ್ಕೆ ವಾಲುವ ಅಕ್ಷರ. ಅದೇ ಗಾಳಿ ತಿರುಗಿ ಬೀಸಿದ ಹಾಗೆ ಎಡಕ್ಕೆ ವಾಲುವ ಅಕ್ಷರ. ದುಂಡನೆಯದು. ಸಣಕಲು. ಐದನೆಯದು ಡಾಕ್ಟರರ ಚೀಟಿಯಂಥದು. ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಎಡಕ್ಕೆ ವಾಲುವ ಅಕ್ಷರದಲ್ಲಿ ಶ್ರೀನಿವಾಸನ ಪುಟ ಮುಗಿಸಿದಳು. ಅದರ ಪ್ರಕಾರ ಅವನು ದಿನಾ ಸೂರ್ಯ ಹುಟ್ಟುವ ಮೊದಲೇ ಏಳುತ್ತಿದ್ದ. ಅವಳು ಅದನ್ನು ಬರೆಯುವಾಗ ಸೂರ್ಯ ನೆತ್ತಿಗೆ ಬಂದಿತ್ತು, ಶ್ರೀನಿವಾಸ ಒಳಗೆ ಗೊರಕೆ ಹೊಡೆಯುತ್ತಿದ್ದ.

ಸಂಜೆ ಹುಡುಗರೆಲ್ಲ ಸೇರಿದಾಗ ಮುತ್ತಪ್ಪ ಮೆಟ್ಟಿಲಿನಿಂದಲೇ ಒಂದು ಹಾಳೆ ಚಾಚಿದ.

"ನಂದು ನಾನ ಬರಕೊಂಡ ಬಂದೇನ್ರಿ ಸರ್."

ಹಾಳೆಯ ತುಂಬ ಮಸಿ ಚೆಲ್ಲಿತ್ತು. ಹೊಡೆದು ಹಾಕಿದ ಸಾಲುಗಳು ಉಳಿದ ಸಾಲುಗಳಿಗಿಂತ ಹೆಚ್ಚಿದ್ದವು. ಕಾಕಾ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಓದಿದ.

"ಕುರಿ? ಇದರಾಗ ಕುರಿ ಯಾಕ ಬಂದ್ವೋ?"

"ಮನ್ಯಾಗ ಅದಾವಲ್ರಿ."

"ಎಸ್ಟೇಟ್ ಅದ ಅಂತ ಬರಿ."

"ನಮ್ಮ ಎಸ್ಟೇಟು ನಡಕೋತ ಹೊಕ್ಕೈತ್ರಿ ಸರ್. ಒಂದ ಕಡಿ ನಿಂದ್ರಾಂಗಿಲ್ಲ."

ಹುಡುಗರು ನಕ್ಕರು. ಕಾಕಾ ನಗಲಿಲ್ಲ. ಹಾಳೆಯನ್ನು ವಿಮಲಾಳ ಮುಂದೆ ಒಗೆದ. "ಕುರಿ ಇದ್ದಲ್ಲಿ ಎಸ್ಟೇಟ್ ಹಾಕು. ಹುಟ್ಟಿದ ದಿನದ ಸುದ್ದಿ ತಗದ ಬಿಡು. ದುಂಡನ್ನ ಅಕ್ಷರದಾಗ ಬರಿ."

ವಿಮಲಾ ಟಾಕನ್ನು ಅದ್ದಿಕೊಂಡು ಓದಿದಳು. ಕೆಲವು ಶಬ್ದಗಳ ಸ್ಪೆಲಿಂಗ್ ತಪ್ಪಿತ್ತು. ಕೆಲವು ಅವಳಿಗೇ ತಿಳಿಯಲಿಲ್ಲ. ತಿಳಿದದ್ದು ಇಷ್ಟು.

ನಾನು ಹುಟ್ಟಿದ್ದು ಜೂನ್ ಒಂದಕ್ಕಲ್ಲ. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಆಗ ನಮ್ಮ ಕುರಿಗಳು ಗುಡೂರಿನ ಒಂದು ಹೊಲದಲ್ಲಿದ್ದವು, ಚಳಿ ಇತ್ತು ಎಂದು ಅವ್ವ ಹೇಳುತ್ತಾಳೆ. ಚಳಿ ಇರಲಿಲ್ಲ ಎಂದು ಅಪ್ಪ ಹೇಳುತ್ತಾನೆ. ಕುರಿಗಳ ಜೋಡಿ ನಾನು ಬಾದಾಮಿಯಿಂದ ಇಳಕಲ್ಲಿನ ತನಕ ನಡೆದಿದ್ದೇನೆ. ನಮ್ಮ ಕಲ್ಲು ಕೆಂಪು, ಉಜ್ಜಿದರೆ ಉಸುಕಾಗುತ್ತದೆ. ಅಲ್ಲಿಯ ಕಲ್ಲೂ ಕೆಂಪು, ಉಜ್ಜಿದರೆ ಕೈ ಸವೆಯುತ್ತದೆ, ಕಲ್ಲು ಸವೆಯುವುದಿಲ್ಲ. ಯಾಕೆಂದು ಇಲ್ಲಿ ಮೂವರನ್ನು ಕೇಳಿದೆ. ಇಬ್ಬರು ದೇವರ ಇಚ್ಛೆ ಅಂದರು, ಒಬ್ಬರು ಕಪಾಳಕ್ಕೆ ಕೊಟ್ಟರು. ಹೇಳುವವರು ನಿಮ್ಮ ಕಾಲೇಜಿನಲ್ಲಿದ್ದರೆ ನಾನು ಬರುತ್ತೇನೆ.

ವಿಮಲಾ ಮತ್ತೊಮ್ಮೆ ಓದಿದಳು. ಇಷ್ಟು ದಿನ ಬರೆದ ಎಲ್ಲ ಹಾಳೆಗಳಲ್ಲೂ ಮುಂದಿನ ಸಾಲು ಏನಿರುತ್ತದೆಂದು ಅವಳಿಗೆ ಮೊದಲೇ ಗೊತ್ತಿರುತ್ತಿತ್ತು. ಇದರಲ್ಲಿ ಗೊತ್ತಾಗಲಿಲ್ಲ. ಟಾಕಿನ ಮಸಿ ಒಣಗಿತು.

"ಯಾಕ, ನಿದ್ದಿ ಹತ್ತಿತೇನು?" ಎಂದ ಕಾಕಾ.

"ಇದನ್ನ ನಾ ಬರಿಯೂದಿಲ್ಲ."

"ಯಾಕ?"

"ಇದು ಬರದ ಆಗೇದಲ್ಲ."

ಕಾಕಾ ಬಾಗಿಲ ಕಡೆ ಕೈ ತೋರಿಸಿದ. "ಹಂಗಿದ್ರ ಒಳಗ ನಡಿ. ಇಲ್ಲಿ ಬರಿಯೂವರಿಗಷ್ಟ ಜಾಗಾ."

ವಿಮಲಾ ಟಾಕು, ದೌತಿ ಎರಡನ್ನೂ ಎತ್ತಿಕೊಂಡು ಎದ್ದಳು. ಅವು ಅವಳವೇ. ಕಣ್ಣಲ್ಲಿ ನೀರು ಬಂದಿತ್ತು, ಹುಡುಗರಿಗೆ ಕಾಣಬಾರದೆಂದು ಬೇಗ ಬೇಗ ನಡೆದಳು. ಏಳುವಾಗಲೇ ಅವಳು ಮೆಟ್ಟಿಲ ಕಡೆಗೆ ಚಾಚಿದ್ದ ಹಾಳೆಯನ್ನು ಮುತ್ತಪ್ಪ ನಾಲ್ಕಾಗಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

"ಇದನ್ನ ಟಪಾಲಿಗೆ ನಾನ ಹಾಕ್ತೇನ್ರಿ ಸರ್."

"ಹಾಕು. ಓದಿ ನಗ್ತಾರ ಅವರು."

"ಮೊದಲಿನ ಅರ್ಜಿ ಓದಿನೂ ನಕ್ಕಾರಲ್ರಿ," ಎಂದ ಮುತ್ತಪ್ಪ.

ಅಡಿಗೆಮನೆಯಲ್ಲಿ ತಾಯಿ ಅನಸೂಯಾಬಾಯಿ ಅಕ್ಕಿಯ ಮೊರವನ್ನು ಮುಂದಕ್ಕೆ ಸರಿಸಿದರು. ವಿಮಲಾ ಕಲ್ಲು ಆರಿಸತೊಡಗಿದಳು. ಹೊರಗೆ ವಿಲಾಯತಿ ಕ್ಲಾಸು ಬೇಗ ಬೇಗ ಕರಗುತ್ತಿರುವುದು ಕೇಳಿಸಿತು. ಇನ್ನು ತಾನೇ ಬರೆಯಬೇಕು ಎಂದಾದ ಕೂಡಲೆ ಒಬ್ಬನಿಗೆ ಹೊಟ್ಟೆ ನೋವು ಬಂತು, ಇನ್ನೊಬ್ಬನಿಗೆ ಹೊಲದ ಕೆಲಸ ನೆನಪಾಯಿತು. ಮೂರನೆಯವನು ಕಾರಣ ಹುಡುಕುವ ಗೋಜಿಗೂ ಹೋಗದೆ ಮನೆಗೆ ಹೋದ.

ದೀಪ ಹಚ್ಚುವ ಹೊತ್ತಿಗೆ ಶ್ರೀನಿವಾಸ ಒಳಗೆ ಬಂದು ಹೊಸ್ತಿಲ ಮೇಲೆ ಕೂತ. ಕೈಯಲ್ಲಿ ಖಾಲಿ ಹಾಳೆಗಳು. ವಿಮಲಾ ಬರೆದುಕೊಟ್ಟ ಪುಟವನ್ನು ಹರಿದು ಒಲೆಗೆ ಹಾಕಿದ.

"ನೀ ಬರದದ್ದರಾಗಿನ ಹುಡುಗ ಭಾಳ ಶಾಣ್ಯಾ ಇದ್ದ," ಎಂದ. "ಅವನ ಹೋಗಲಿ ಬೇಕಾದ್ರ. ವಿಮಲೂ, ನಾ ಏನಂತ ಬರೀಲಿ?"

"ನಿನ್ನ ಸುದ್ದಿ ಬರಿ. ಅದರಾಗೇನದ?"

"ನನ್ನ ಸುದ್ದಿಯೊಳಗ ಏನದ?"

ವಿಮಲಾಗೆ ನಗು ಬಂತು. ಹದಿನಾರು ವರ್ಷದ ಅಣ್ಣನಿಗೆ ತನ್ನ ಬಗ್ಗೆ ಒಂದು ಸಾಲು ಬರೆಯಲು ಬರುವುದಿಲ್ಲ. "ಕೊಡಿಲ್ಲೆ, ತೋರಸ್ತೇನಿ," ಎಂದು ಒಂದು ಹಾಳೆ ಇಸಿದುಕೊಂಡಳು. ನನ್ನ ಹೆಸರು ವಿಮಲಾ ಎಂದು ಇಂಗ್ಲಿಷಿನಲ್ಲಿ ಸರ್ರನೆ ಬರೆದಳು. ಅಕ್ಷರ ಎಡಕ್ಕೆ ವಾಲಿತ್ತು. ಅದನ್ನು ಹೊಡೆದುಹಾಕಿ ಮತ್ತೆ ಬರೆದಳು.

ಎರಡನೆಯ ಸಾಲು ತಾನಾಗಿಯೇ ಬಂತು. ನಾನು ತಂದೆತಾಯಿಗೆ ಒಬ್ಬನೇ ಎಂಬಲ್ಲಿಗೆ ಕೈ ನಿಂತಿತು. ಅದನ್ನೂ ಹೊಡೆದುಹಾಕಿದಳು. ನನ್ನ ಅಜ್ಜಿ ಎಂದು ಶುರುಮಾಡಿದಳು. ಅಜ್ಜಿ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ? ಬಾಯಿಗೆ ಬಂದದ್ದು ಸಂಸ್ಕೃತ ಶ್ಲೋಕ. ಖರೆ ಹೇಳಬೇಕೆಂದರೆ ಅಜ್ಜಿ ಎದ್ದ ಕೂಡಲೆ ಸೊಸೆಯನ್ನು ಬೈಯುತ್ತಿದ್ದರು. ಬೈಯುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಕಾಕಾ ಕಲಿಸಿರಲಿಲ್ಲ.

ಅವಳು ಟಾಕು ಹಿಡಿದು ಬಹಳ ಹೊತ್ತು ಕೂತಳು. ತುದಿಯಿಂದ ಒಂದು ದೊಡ್ಡ ಹನಿ ಹಾಳೆಯ ಮೇಲೆ ಬಿತ್ತು. ಮುತ್ತಪ್ಪನ ಹಾಳೆಯಲ್ಲಿ ಅಷ್ಟೊಂದು ಮಸಿ ಯಾಕೆ ಚೆಲ್ಲಿತ್ತೆಂದು ಅವಳಿಗೆ ಈಗ ಗೊತ್ತಾಯಿತು.

"ಏನವಾ, ಆತೇನು?" ಎಂದ ಶ್ರೀನಿವಾಸ.

"ಸುಮ್ಮನ ಕೂಡು. ವಿಚಾರ ಮಾಡ್ಲಿಕ್ಕತ್ತೇನಿ."

"ಕ್ಲಾಸು ಈಗ ಒಳಗ ಬಂತೇನು?" ಎಂದರು ಅನಸೂಯಾಬಾಯಿ. ಅಕ್ಕಿಯ ಮೊರವನ್ನು ತಾವೇ ಎಳೆದುಕೊಂಡು ಕಲ್ಲು ಆರಿಸತೊಡಗಿದರು.

ವಿಮಲಾ ದೌತಿಯನ್ನು ಅಣ್ಣನಿಗೂ ಕೈಗೆ ಸಿಗುವ ಹಾಗೆ ನಡುವೆ ಸರಿಸಿ ಇಟ್ಟಳು.