ರೇಡಿಯೇಟರಿನ ಬೆಚ್ಚನೆ ನೀರು

ನಮ್ಮ ಬೆಟ್ಟದೂರು ಕೆತ್ತಿಯಲ್ಲಿ ಇಬ್ಬನಿ ಹಿಮಗಟ್ಟುವ ತಿಂಗಳುಗಳಲ್ಲಿ ಅಪ್ಪ ದಿನಾ ಸಂಜೆ ಜೀಪಿನ ರೇಡಿಯೇಟರ್ ನೀರನ್ನು ಪೂರ್ತಿ ಬಸಿದುಬಿಡುತ್ತಿದ್ದರು. ರಾತ್ರಿ ಹೆಪ್ಪುಗಟ್ಟಿದರೆ ಎಂಜಿನ್ ಬಿರುಕು ಬಿಟ್ಟೀತೆಂಬ ಭಯ. ಬೆಳಿಗ್ಗೆ ಸೌದೆ ಒಲೆಯ ಮೇಲೆ ತಾಮ್ರದ ತಪ್ಪಲೆಯಿಟ್ಟು, ನೀರು ಬೆಚ್ಚಗೆ ಮಾಡಿ ಹುಯ್ಯುತ್ತಿದ್ದರು. ಹೊಗೆವಾಸನೆಯ ಆ ಹಬೆಗೆ ಕೈ ಕಾಯಿಸಿಕೊಂಡೇ ನಾನು ಸ್ಕೂಲಿಗೆ ಹೊರಡುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ನಾನೇ ಚಳಿಗೆ ಹೆಪ್ಪುಗಟ್ಟದ ಹಸಿರು ಕೂಲೆಂಟ್ ತುಂಬಿಸಿದೆ. ಬಸಿಯುವ ಕೆಲಸ ತಪ್ಪಿತು.

ಹೋದ ಜನವರಿಯಲ್ಲಿ ಜೀಪನ್ನು ಗೆಳೆಯ ಸೆಂಥಿಲ್‌ಗೆ ಮಾರಲು ಒಪ್ಪಿದೆ. ಕೊಡುವ ಮುಂಚೆ ಕೂಲೆಂಟ್ ಬದಲಿಸೋಣವೆಂದು ಬೆಳಿಗ್ಗೆ ರೇಡಿಯೇಟರಿನ ಕೆಳಗೆ ಬೇಸಿನ್ ಇಟ್ಟು ತಿರುಪು ಸಡಿಲಿಸಿದೆ. ತಿಂಗಳಿಂದ ಸ್ಟಾರ್ಟ್ ಮಾಡದ ಗಾಡಿ. ಬಾನೆಟ್ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ. ಆದರೆ ಒಳಗಿಂದ ಇಳಿದದ್ದು ತಿಳಿನೀರು. ಬೆಚ್ಚಗಿತ್ತು. ಹೊಗೆವಾಸನೆ ಬರುತ್ತಿತ್ತು.

ಅವ್ವ ಬಂದು ಬೆರಳದ್ದಿ ನೋಡಿದಳು.

"ನಿಮ್ಮಪ್ಪ ಇಷ್ಟೇ ಬೆಚ್ಗೆ ಕಾಯಿಸೋರು ಕಣ್ಲಾ ಮಗ," ಎಂದು ನೀರಿನಲ್ಲಿ ಕೈ ಬಿಟ್ಟುಕೊಂಡು ಹಾಗೇ ಕೂತಳು.

ಸೆಂಥಿಲ್‌ಗೆ ಫೋನ್ ಮಾಡಿ ಜೀಪು ಕೊಡುವುದಿಲ್ಲವೆಂದೆ. ಆಮೇಲೆ ಅಟ್ಟ ಹತ್ತಿ ಅಪ್ಪನ ತಪ್ಪಲೆ ಹುಡುಕಿ ತೆಗೆದೆ. ನಮ್ಮ ಮನೆಯ ಸೌದೆ ಒಲೆ ಒಡೆದುಹಾಕಿ ಎಂಟು ವರ್ಷವಾಗಿದೆ.

ತಪ್ಪಲೆಯ ತಳದ ಬಿಸಿ ಇನ್ನೂ ಆರಿರಲಿಲ್ಲ.