ಒಡನಾಟದ ಸಹಿ

ನಾಲೆಯ ತೂಬಿನ ಪಕ್ಕದ ಕಂಬದಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಕಂಬದೊಳಗಿನ ಯಂತ್ರ ಸ್ಪಷ್ಟ ದನಿಯಲ್ಲಿ ಹೇಳಿತು: "ನಿಮ್ಮ ಗುರುತು ಖಚಿತವಾಗಿಲ್ಲ. ನಿಮ್ಮನ್ನು ಬಲ್ಲವರೊಬ್ಬರನ್ನು ಕರೆತಂದು ಮಾತಾಡಿ."

ಮೊಗಣ್ಣ ಕೊರಳಲ್ಲಿ ತೂಗುತ್ತಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯನ್ನು ಮತ್ತೊಮ್ಮೆ ಕಂಬಕ್ಕೆ ಮುಟ್ಟಿಸಿದ. ಯಂತ್ರ ಅದೇ ಮಾತನ್ನು ಅಷ್ಟೇ ಸಮಾಧಾನದಿಂದ ಹೇಳಿತು. ತೂಬು ಅಲುಗಲಿಲ್ಲ. ನಾಲೆಯಲ್ಲಿ ನೀರು ದಡ ಮುಟ್ಟಿ ಹರಿಯುತ್ತಿತ್ತು. ಅವನ ಗದ್ದೆಯ ಮೂಲೆಯಲ್ಲಿ ಭತ್ತದ ಸಸಿಮಡಿ ಮಾತ್ರ ಬಿರುಕು ಬಿಡತೊಡಗಿತ್ತು.

ಮನುಷ್ಯರ ಮುಖ, ದನಿ, ಹೆಬ್ಬೆಟ್ಟು ಮೂರನ್ನೂ ಗಣಕಗಳು ನಕಲು ಮಾಡಲು ಕಲಿತ ಮೇಲೆ ಬಂದ ವ್ಯವಸ್ಥೆ ಇದು. ತಾಯಿಯ ದನಿಯಲ್ಲೇ ಕರೆ ಮಾಡಿ ಮಕ್ಕಳ ಖಾತೆ ಬರಿದು ಮಾಡುವವರು ಹುಟ್ಟಿಕೊಂಡಿದ್ದರು. ಯಾರೋ ಎಂಜಿನಿಯರೊಬ್ಬರ ಮುಖ ತೊಟ್ಟು ಒಂದಿಡೀ ನಾಲೆಯ ಗೇಟುಗಳನ್ನು ತೆರೆದುಬಿಟ್ಟಿದ್ದರು. ಆಗ ಡಾ. ಅನಘಾ ಪದಕಿ ಎಂಬ ವಿಜ್ಞಾನಿಗೆ ಹೊಳೆದದ್ದು ಸರಳವಾದ ಸಂಗತಿ. ಒಬ್ಬನ ದನಿಯನ್ನು ಕದಿಯಬಹುದು. ಇಬ್ಬರ ನಡುವಿನ ರೂಢಿಯನ್ನು ಕದಿಯಲಾಗದು. ಬಹುಕಾಲ ಒಡನಾಡಿದವರಲ್ಲಿ ಒಬ್ಬರು ಎಲ್ಲಿ ಉಸಿರೆಳೆಯುತ್ತಾರೆಂದು ಇನ್ನೊಬ್ಬರಿಗೆ ತಿಳಿದಿರುತ್ತದೆ. ಮಾತು ಮುಗಿಯುವ ಮೊದಲೇ ಉತ್ತರ ಹೊರಟಿರುತ್ತದೆ. ಕೊರಳ ಡಬ್ಬಿ ಆ ಲಯವನ್ನಷ್ಟೇ ಅಳೆಯುತ್ತಿತ್ತು. ಮಾತುಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ ಕದಿಯಲು ಅದರಲ್ಲಿ ಏನೂ ಇರಲಿಲ್ಲ. ಇದಕ್ಕೆ ಅವರಿಟ್ಟ ಹೆಸರು 'ಒಡನಾಟದ ಸಹಿ'. ತಿಂಗಳಿಗೊಮ್ಮೆ ತನ್ನನ್ನು ಬಲ್ಲವರೊಡನೆ ಕಂಬದ ಮುಂದೆ ನಿಂತು ಮಾತಾಡಿದರೆ ಸಾಕು.

ಹೆಚ್ಚಿನವರಿಗೆ ಇದು ಕಷ್ಟವಾಗಲಿಲ್ಲ. ಮನೆಯಲ್ಲಿ ಯಾರಾದರೂ ಇರುತ್ತಿದ್ದರು. ಮೊಗಣ್ಣನಿಗೆ ಮದುವೆಯಾಗಿರಲಿಲ್ಲ. ಐವತ್ತು ದಾಟಿದ ಅವನು ಗದ್ದೆ ಬಯಲಿನ ಮನೆಯಲ್ಲಿ ಒಂದು ಎಮ್ಮೆಯೊಡನೆ ಇದ್ದ.

ಮೊದಲು ಅವನು ಹಾಲಿನ ಡೈರಿಯ ಪುಟ್ಟಮಾದುವನ್ನು ಕರೆತಂದ.

"ಏನ್ ಮೊಗಣ್ಣ, ಚೆನ್ನಾಗಿದ್ದೀಯಾ?"

"ಹ್ಞೂಂ."

"ಎಮ್ಮೆ?"

"ಅದೂವೆ."

'ಅಪರಿಚಿತರು' ಎಂದಿತು ಯಂತ್ರ.

"ಅಯ್ಯೋ ನಿನ್ನ! ದಿನಾ ಇವ್ನ ಹಾಲು ಅಳೀತೀನಲ್ಲಾ!" ಎಂದು ಪುಟ್ಟಮಾದು ಕಂಬದ ಮೇಲೆಯೇ ಜಗಳಕ್ಕೆ ಹೋದ.

ಮಾರನೆಯ ದಿನ ಅಣ್ಣನ ಮಗ ಬಂದ. ಗಾಡಿಯಿಂದ ಇಳಿಯದೆಯೇ, "ಚಿಕ್ಕಪ್ಪ, ಬೇಗ ಏನಾರ ಮಾತಾಡು" ಎಂದ. ಮೊಗಣ್ಣ ಬಹಳ ಹೊತ್ತು ಯೋಚಿಸಿ ಅವನ ಮಗುವಿನ ಹೆಸರು ಕೇಳಿದ. ಯಂತ್ರ ಮತ್ತೆ 'ಅಪರಿಚಿತರು' ಎಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆಯಾದರು. ಆ ಸಂಜೆ ಮೊಗಣ್ಣ ನಾಲೆಯಿಂದ ಕೊಡದಲ್ಲಿ ನೀರು ಹೊತ್ತು ಸಸಿಮಡಿಗೆ ಚಿಮುಕಿಸಿದ. ನೆಲ ಅದನ್ನು ಹಾಗೇ ಹೀರಿಕೊಂಡಿತು.

ದೂರು ಹೋಗಿ, ಅನಘಾ ಪದಕಿಯವರೇ ಜೀಪಿನಲ್ಲಿ ಬಂದರು. ಅವನ ಡಬ್ಬಿಯನ್ನು ತಮ್ಮ ಕೈಗಣಕದ ಫಲಕಕ್ಕೆ ಜೋಡಿಸಿ ನೋಡಿ ಹುಬ್ಬೇರಿಸಿದರು.

"ಯಾರೂ ಇಲ್ಲ ಅಂತೀರಿ. ಆದರೆ ದಿನಾ ಬೆಳಿಗ್ಗೆ ಒಬ್ಬರ ಹತ್ತಿರ ಮಾತಾಡ್ತೀರಿ. ಇಷ್ಟು ಬಿಗಿಯಾದ ಲಯ ಗಂಡ ಹೆಂಡಿರಲ್ಲೂ ಅಪರೂಪ."

"ನನ್ತಾವ ಯಾರವ್ವ ಮಾತಾಡಾರು? ಎಮ್ಮೆ ಇರ್ಬೇಕು."

"ಎಮ್ಮೆ ಉತ್ತರ ಕೊಡುತ್ತಾ?"

"ಕೊಟ್ಟಿದ್ರೆ ಎಷ್ಟೋ ಚೆಂದಾಗಿರೋದು."

ಅಷ್ಟರಲ್ಲಿ ಕಾಲುವೆಯಾಚೆಯಿಂದ ಕೂಗು ಕೇಳಿತು. ಪಕ್ಕದ ಗದ್ದೆಯ ಜವನಮ್ಮ. ನೀರಿನ ಪಾಳಿಯ ವಿಷಯಕ್ಕೆ ಮನಸ್ಸು ಕೆಟ್ಟ ಮೇಲೆ ಅವರಿಬ್ಬರ ನಡುವೆ ಒಂದು ಒಳ್ಳೆಯ ಮಾತು ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

"ಲೋ ಮೊಗಣ್ಣ! ಜೀಪು ನೋಡ್ತಾ ನಿಂತ್ಕಂಡ್ಯಾ? ಇಲ್ಲಿ ನಿನ್ನೆಮ್ಮೆ ನನ್ನ ಅವರೆ ಸಾಲ್ನ..."

"ನಿನ್ನ ಅವರೆ ಯಾವೆಮ್ಮೆ ಮುಟ್ಟೀತಮ್ಮಿ, ಹುಳ ಹಿಡ್ದು..."

"ಹುಳ ಹಿಡ್ದಿರೋದು ನಿನ್ನ ತಲೆಗೆ!"

"ಮೊದ್ಲು ಬೇಲಿ ಕಟ್ಕೋ ಹೋಗು!"

"ಕಟ್ಟಿದ ಬೇಲಿ ಮುರ್ದೋನು ಯಾವನ್ಲಾ?"

ಕಂಬದಲ್ಲಿ ಹಸಿರು ದೀಪ ಹೊತ್ತಿತು. 'ಆಪ್ತರು. ಗುರುತು ಖಚಿತವಾಗಿದೆ' ಎಂದಿತು ಯಂತ್ರ. ತೂಬು ಎದ್ದಿತು. ನೀರು ಸಸಿಮಡಿಯತ್ತ ನುಗ್ಗಿತು. ಬೈಯುತ್ತಿದ್ದ ಇಬ್ಬರೂ ಬಾಯಿ ತೆರೆದುಕೊಂಡೇ ನಿಂತರು.

"ಊರಲ್ಲಿ ಬ್ಯಾರೆ ಯಾರೂ ಸಿಗ್ಲಿಲ್ವಾ ನಿಂಗೆ?" ಎಂದಳು ಜವನಮ್ಮ, ವಿಷಯ ತಿಳಿದ ಮೇಲೆ.

"ನಾನೇನ್ ಕೇಳಿದ್ನಾ? ಡಬ್ಬಿ ಹೇಳ್ತು."

ಮುಂದಿನ ತಿಂಗಳು ಅವಳು ಒಗೆದ ಸೀರೆಯುಟ್ಟು, ಸಾಕ್ಷಿ ಹೇಳಲು ಬಂದವಳಂತೆ ಕಂಬದ ಮುಂದೆ ನಿಂತಳು.

"ಆರೋಗ್ಯವಾಗಿದ್ದೀರಾ ಮೊಗಣ್ಣೋರೆ?"

"ಇದ್ದೀನಿ. ತಾವು?"

'ಅಪರಿಚಿತರು.'

"ಥೂ, ನಿನ್ನ ತಾವಿಗೆ ಬೆಂಕಿ ಬೀಳ!"

"ಮೊಗಣ್ಣೋರೆ ಅಂತ ಸುರು ಮಾಡ್ಕಂಡೋಳು ಯಾರಮ್ಮಿ?"

ಹಸಿರು ದೀಪ ಬಂತು. ಜವನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಆ ದಿನ ಅವಳು ಕೂಡಲೇ ಹೊರಡಲಿಲ್ಲ. ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡಳು.

"ಮನೇಲಿ ಮಗ, ಸೊಸೆ ಏನಂದ್ರೂ ಹ್ಞೂಂ ಅಂತಾವೆ. ಬೈದ್ರೂ ಹ್ಞೂಂ. ನೀನೊಬ್ನೇ ನಂಗೆ ಎದ್ರು ಆಡೋನು."

ಮೊಗಣ್ಣ ಬದುವಿನ ಹುಲ್ಲು ಕೀಳತೊಡಗಿದ. ಬೈಗುಳಕ್ಕಾಗಿದ್ದರೆ ಉತ್ತರ ತಾನಾಗಿ ಬರುತ್ತಿತ್ತು. ಆಮೇಲೆ ಪ್ರತಿ ತಿಂಗಳೂ ಅವನು ಕ್ಷೌರ ಮಾಡಿಸಿಕೊಂಡು ಕಂಬದ ಬಳಿ ಕಾಯುತ್ತಿದ್ದ.

ಒಂಟಿಯಾಗಿರುವವರ ದೂರುಗಳು ನಾಡಿನ ಎಲ್ಲ ಕಡೆಯಿಂದಲೂ ಬಂದವು. ಅನಘಾ ಪದಕಿ ಮನಸ್ಸಿಗೆ ಹಚ್ಚಿಕೊಂಡು ದುಡಿದು ಹೊಸ ಡಬ್ಬಿ ಮಾಡಿದರು. ಅದು ಧರಿಸಿದವನ ನಾಡಿ, ಉಸಿರುಗಳ ಲಯದಿಂದಲೇ ಅವನನ್ನು ಗುರುತಿಸುತ್ತಿತ್ತು. ಮೊದಲನೆಯದನ್ನು ಮೊಗಣ್ಣನಿಗೇ ತಂದುಕೊಟ್ಟರು. ಅವರ ಮಾತಿನ ಮೇಲೆ ನೀರಾವರಿಯವರು ಎರಡು ಗದ್ದೆಗೂ ಪ್ರತ್ಯೇಕ ಕೊಳವೆ ಎಳೆದರು. ನಡುವೆ ತಂತಿಬೇಲಿ ಹಾಕಿದರು.

"ಇನ್ನು ನೀವು ಯಾರನ್ನೂ ಬೇಡಬೇಕಾಗಿಲ್ಲ. ಜಗಳವೂ ಮುಗೀತು," ಎಂದರು, ನಿಜವಾದ ಸಂತೋಷದಿಂದ.

"ಹ್ಞೂಂ," ಎಂದ ಮೊಗಣ್ಣ. ಅಷ್ಟು ದೂರದಿಂದ ತಂದುಕೊಟ್ಟವರ ಎದುರು ಹಳೆಯ ಡಬ್ಬಿ ಕಳಚಿ ಹೊಸದನ್ನು ಕೊರಳಿಗೆ ಹಾಕಿಕೊಂಡ.

ತೂಬು ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು. ಮುಂದಿನ ಬೆಳೆಗೆ ಸಸಿ ನಾಟಿಯಾಗಿ ಗದ್ದೆ ಹಸಿರಾಯಿತು. ಕಾಲುವೆಯಾಚೆ ಜವನಮ್ಮ ಕಳೆ ಕೀಳುವುದು ಕಾಣುತ್ತಿತ್ತು. ಅವಳು ಒಮ್ಮೊಮ್ಮೆ ತಲೆಯೆತ್ತಿ ಈ ಕಡೆ ನೋಡುತ್ತಿದ್ದಳು. ಬೈಯಲು ಏನೂ ಇಲ್ಲದೆ ಮತ್ತೆ ಬಾಗುತ್ತಿದ್ದಳು. ಕಾರಣವಿಲ್ಲದೆ ಕೂಗಿ ಮಾತಾಡಿಸುವುದು ಇಬ್ಬರಿಗೂ ರೂಢಿಯಿರಲಿಲ್ಲ. ಕೆಲವು ದಿನ ಮೊಗಣ್ಣ ತನ್ನ ದನಿಯನ್ನು ತಾನು ಕೇಳುತ್ತಿದ್ದುದು ಎಮ್ಮೆಯನ್ನು ಗದರಿಸುವಾಗ ಮಾತ್ರ.

ಒಂದು ಬೆಳಿಗ್ಗೆ ಅವನು ಬೇಲಿಯ ಮೂಲೆಗೆ ಹೋಗಿ ತಂತಿಯನ್ನು ಬಿಚ್ಚಿದ. ಎಮ್ಮೆಯ ಹಗ್ಗ ಕಳಚಿದ. ಹೊಟ್ಟೆ ತುಂಬ ಮೇದಿದ್ದ ಎಮ್ಮೆ ಕದಲಲಿಲ್ಲ. ಅದರ ಹಿಂಭಾಗಕ್ಕೆ ಹೆಗಲು ಕೊಟ್ಟು, ಕಾಲುವೆ ದಾಟಿಸಿ ಅವರೆ ಸಾಲಿನೊಳಕ್ಕೆ ದಬ್ಬಬೇಕಾಯಿತು. ಆಮೇಲೆ ಬಂದು ಬದುವಿನ ಮೇಲೆ, ಅವಳು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಕಡೆ ಕುಳಿತ.

"ಲೋ ಮೊಗಣ್ಣ! ಎಲ್ಲಿ ಸತ್ತ್ಯಲಾ?"

ಉತ್ತರ ಅವನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ತಡೆದುಕೊಂಡ. ಇಲ್ಲಿಂದಲೇ ಉತ್ತರ ಕೊಟ್ಟರೆ ಅವಳು ಅಲ್ಲಿಂದಲೇ ಬೈದು ಹೋಗುತ್ತಾಳೆ. ಅವಳು ಸೀರೆಯನ್ನೆತ್ತಿ ಕಟ್ಟಿ, ಬೈಯುತ್ತ ಬೈಯುತ್ತ ಕಾಲುವೆಗಿಳಿದು ದಾಟುವುದನ್ನು ನೋಡುತ್ತ, ಇನ್ನಷ್ಟು ಹತ್ತಿರ ಬರಲಿ ಎಂದು ಅವನು ಸುಮ್ಮನೆ ಕುಳಿತ.